ನಂಬರಿಗೆ ಇಸ್ತ್ರಿ

ನನ್ನ ಸೊಸೆ ಓಡುತ್ತಾಳೆ. ಹೀಗೆಂದ ತಕ್ಷಣ ಕೆಲವರ ಕಿವಿ ನೆಟ್ಟಗಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಓಡಿಹೋಗುವವಳಲ್ಲ, ಓಡಿ ವಾಪಸ್ಸು ಬರುವವಳು. ಬಂದವಳೇ ಒಲೆ ಹಚ್ಚಿ, ನನ್ನ ಮಗನ ಡಬ್ಬಿ ಕಟ್ಟಿ, ನನ್ನ ಮಾತ್ರೆ ಕೈಗೆ ಕೊಟ್ಟು, ಏಳೂವರೆಯ ವ್ಯಾನಿಗೆ ಡ್ಯೂಟಿಗೆ ಹೊರಡುವವಳು.

ವಯಸ್ಸೇನು ಹದಿನೆಂಟಲ್ಲ, ನಲವತ್ತೇಳು. ಕೆಲಸ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಬಿಸಿ ರೋಲರಿನಿಂದ ಚಾದರಗಳು ಒಂದರ ಹಿಂದೊಂದು ಹೊರಗೆ ಬರುತ್ತವೆ, ತುದಿ ಹಿಡಿದು ಎಳೆದು ಮಡಿಚಬೇಕು. ಎಂಟು ಗಂಟೆ ನಿಂತೇ ಮಾಡುವ ಕೆಲಸ, ಕೂರಲು ಒಂದು ಸ್ಟೂಲೂ ಇಲ್ಲ. ಇದನ್ನೆಲ್ಲ ನನಗೆ ಯಾರೂ ಹೇಳಬೇಕಾಗಿಲ್ಲ. ಅದೇ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಸವೆದು ಬಂದವಳು ನಾನು. ನಾನು ಬಿಟ್ಟ ಜಾಗಕ್ಕೇ ಅವಳು ಸೇರಿದ್ದು.

ಓಟ ಅಂಟಿಕೊಂಡದ್ದು ಆರು ವರ್ಷದ ಹಿಂದೆ, ಡ್ಯೂಟಿಯ ವ್ಯಾನು ತಪ್ಪಿಹೋದ ದಿನ. ಮೂರು ಕಿಲೋಮೀಟರ್ ಓಡಿಯೇ ಹೋದಳಂತೆ. ಸಂಜೆ ಬಂದು, "ಅತ್ತೆ, ಎಷ್ಟೋ ವರ್ಷ ಆದ್ಮೇಲೆ ನನ್ನ ಉಸಿರು ನಂಗೇ ಕೇಳಿಸ್ತು," ಎಂದಳು. "ಪುಣ್ಯ ಕಣೆ, ಅಲ್ಲೇ ನಿಂತುಹೋಗಿದ್ರೆ ಅದೂ ಕೇಳಿಸ್ತಿರ್ಲಿಲ್ಲ," ಎಂದೆ. ಮಾರನೆಯ ದಿನ ವ್ಯಾನು ಹೊತ್ತಿಗೆ ಸರಿಯಾಗಿ ಬಂತು. ಇವಳು ಅದಕ್ಕೂ ಮೊದಲೇ ಎದ್ದು ನಾಲ್ಕು ಬೀದಿ ಓಡಿ ಬಂದಿದ್ದಳು.

ಸುಳ್ಳು ಯಾಕೆ ಹೇಳಲಿ, ನನಗೆ ಹಿಡಿಸಲಿಲ್ಲ. ಎಲ್ಲಾದರೂ ತಪ್ಪು ಹಿಡಿಯೋಣವೆಂದು ಕಾದೆ. ಒಂದು ದಿನವಾದರೂ ಅಡುಗೆಗೆ ಉಪ್ಪು ಹೆಚ್ಚಾಗಲಿ, ಒಂದು ದಿನವಾದರೂ ನೀರು ಹಿಡಿಯುವುದು ಮರೆಯಲಿ. ಆ ಪುಣ್ಯಾತ್ಗಿತ್ತಿ ಅವಕಾಶವನ್ನೇ ಕೊಡಲಿಲ್ಲ. ಐದೂವರೆಗೆ ಏಳುತ್ತಿದ್ದವಳು ನಾಲ್ಕೂವರೆಗೆ ಎದ್ದಳು, ಅಷ್ಟೆ. ಕಾಲಿನ ಉಗುರು ಕಪ್ಪಾಗಿ ಕಿತ್ತು ಬಂದಾಗ ಬಟ್ಟೆ ಸುತ್ತಿಕೊಂಡು ರೋಲರಿನ ಮುಂದೆ ನಿಂತಳು. ಲಾಂಡ್ರಿಯವರು ಅವಳಿಗೆ 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು. ಗೇಲಿಗೇ ಇಟ್ಟದ್ದು, ಏಕೆಂದರೆ ಅವಳ ಓಟ ಅಂಥ ಜೋರೇನೂ ಅಲ್ಲ. ಜೋರಾಗಿ ನಡೆಯುವವರು ಪಕ್ಕದಲ್ಲೇ ಹರಟೆ ಹೊಡೆಯುತ್ತ ಬರಬಹುದು. ಆದರೆ ಅವರೆಲ್ಲ ಸುಸ್ತಾಗಿ ಕೂತ ಮೇಲೂ ಇವಳು ಹೋಗುತ್ತಲೇ ಇರುತ್ತಾಳೆ. ಅದನ್ನು ಕಂಡು ಒಳಗೊಳಗೇ ಹೆಮ್ಮೆಪಡುತ್ತಿದ್ದೆ, ಬಾಯಿಬಿಟ್ಟು ಮಾತ್ರ ಒಂದು ದಿನವೂ ಹೇಳಲಿಲ್ಲ.

ನಮ್ಮೂರಲ್ಲಿ ವರ್ಷಕ್ಕೊಮ್ಮೆ ನಲವತ್ತೆರಡು ಕಿಲೋಮೀಟರಿನ ಓಟವಿರುತ್ತದೆ. ಆರು ಗಂಟೆಯೊಳಗೆ ಮುಗಿಸಿದವರ ಹೆಸರು ಲಿಸ್ಟಿನಲ್ಲಿ ಬರುತ್ತದೆ, ಕೊರಳಿಗೊಂದು ಮೆಡಲು ಬೀಳುತ್ತದೆ. ಹಿಂದೆ ಬಿದ್ದವರನ್ನು ಒಂದು ವ್ಯಾನು ಹತ್ತಿಸಿಕೊಂಡು ಬರುತ್ತದೆ. ಹೋದ ವರ್ಷ ಮೂವತ್ತಾರನೆಯ ಕಿಲೋಮೀಟರಿನಲ್ಲಿ ಅದು ಇವಳನ್ನು ಹತ್ತಿಸಿಕೊಂಡಿತು. ಮನೆಗೆ ಬಂದವಳು ಸ್ನಾನ ಮಾಡಿ, ಏನೂ ಆಗದವಳ ಹಾಗೆ ತರಕಾರಿ ಹೆಚ್ಚುತ್ತ ಕೂತಳು. ಅರ್ಧ ಗಂಟೆ ಒಂದೇ ಈರುಳ್ಳಿ ಹೆಚ್ಚಿದಳು. ನಾನು ನೋಡಿಯೂ ನೋಡದ ಹಾಗಿದ್ದೆ.

ಈ ವರ್ಷ ಬಿಟ್ಟರೆ ಅವಳಿಗೆ ಇನ್ನು ಓಟವಿಲ್ಲ ಎಂದಾಗಿತ್ತು. ಮುಂದಿನ ತಿಂಗಳಿಂದ ಅವಳು ಲಾಂಡ್ರಿಯ ಸೂಪರ್‌ವೈಸರ್. ಭಾನುವಾರವೂ ಕಡ್ಡಾಯ ಡ್ಯೂಟಿ, ಬೆಳಿಗ್ಗೆ ಐದಕ್ಕೇ ಹೋಗಿ ಬೀಗ ತೆಗೆಯಬೇಕು. ಉದ್ದನೆಯ ಓಟಕ್ಕೆಂದು ಅವಳಿಗಿದ್ದದ್ದು ಭಾನುವಾರ ಒಂದೇ. ಇನ್ನು ಆ ಕುರ್ಚಿಯ ಆಸೆ ಅವಳಿಗಿಂತ ನನಗೇ ಹೆಚ್ಚು. ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಲ ನನ್ನ ಹೆಸರು ಬಂದಿತ್ತು, ನಾಲ್ಕು ಸಲವೂ ಬೇರೆಯವರು ಬಂದು ಕೂತರು. ಸೊಸೆಗೆ ಸಿಕ್ಕಿದ್ದೇ ತಡ, ಇಡೀ ಬೀದಿಗೆ ಡಂಗುರ ಸಾರಿ ಬಂದೆ.

ಅವಳು ಮಾತ್ರ, "ಆಗ್ಲಿ ಅತ್ತೆ, ನಿಮ್ಮಾಸೆ," ಎಂದಳು. "ಇದೊಂದು ಓಟ ಆರು ಗಂಟೆಯೊಳಗೆ ಮುಗಿಸ್ಬಿಟ್ರೆ ಸಾಕು. ಆಮೇಲೆ ಶೂ ಎತ್ತಿಡ್ತೀನಿ."

ಓಟದ ಹಿಂದಿನ ದಿನ ಮಧ್ಯಾಹ್ನ ಅವಳ ನಂಬರು ಕುರ್ಚಿಯ ಮೇಲೆ ಬಿದ್ದಿತ್ತು. ಎದೆಗೆ ಪಿನ್ನು ಹಾಕಿಕೊಳ್ಳುವ ಬಿಳಿಯ ಚೌಕ, ಅತ್ತ ಬಟ್ಟೆಯೂ ಅಲ್ಲ ಇತ್ತ ಕಾಗದವೂ ಅಲ್ಲ. ಲಕೋಟೆಯಲ್ಲಿ ಮಡಿಚಿ ಮಡಿಚಿ ಸುಕ್ಕುಗಟ್ಟಿತ್ತು. ನಾಲ್ಕು ಸಾವಿರ ಜನರ ಮಧ್ಯೆ ಲಾಂಡ್ರಿಯವಳೊಬ್ಬಳು ಸುಕ್ಕು ನಂಬರು ಹಾಕಿಕೊಂಡು ಓಡುವುದೇ? ನಮ್ಮ ಮರ್ಯಾದೆ ಏನಾಗಬೇಕು? ಮೇಲೊಂದು ಒದ್ದೆ ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕಿದೆ.

ಅದಕ್ಕೆ ಮುಂಚೆ ಒಂದು ಕೆಲಸ ಮಾಡಿದ್ದೆ. ಲಾಂಡ್ರಿಯಲ್ಲಿ ಮೊದಲ ದಿನ ಕಲಿಸುವ ಪಾಠವೇ ಅದು: ಬಟ್ಟೆ ತಿರುಗಿಸು, ಹಿಂದೆ ಅಂಟಿಸಿದ ವಾರ್ಡಿನ ಚೀಟಿ ಕೀಳು, ಮೇಜಿನ ಅಂಚಿಗೆ ಅಂಟಿಸು. ಚೀಟಿ ಸಮೇತ ರೋಲರಿಗೆ ಹೋದರೆ ಗೋಂದು ಕರಗಿ ಹತ್ತು ಚಾದರ ಹಾಳು. ನಂಬರಿನ ಹಿಂದೆಯೂ ಒಂದು ಚೀಟಿ ಇತ್ತು. ಕೈ ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಕಿತ್ತು ಮೇಜಿನ ಅಂಚಿಗೆ ಅಂಟಿಸಿತು. ನನ್ನ ತಲೆಗೆ ಅದು ಹೋಗಲೇ ಇಲ್ಲ.

"ಅಯ್ಯೋ ಅತ್ತೆ, ಕನ್ನಡಿ ಹಾಗೆ ಮಾಡಿದ್ದೀರಲ್ಲ!" ಎಂದು ಸೊಸೆ ನಂಬರನ್ನು ಬೆಳಕಿಗೆ ಹಿಡಿದು ಹಿಗ್ಗಿದಳು.

"ಹೇಗೂ ಕೊನೇಲಿ ಬರೋಳು ನೀನು. ನೋಡೋಕಾದ್ರೂ ಚೆನ್ನಾಗಿರ್ಲಿ," ಎಂದೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಓಟ ಶುರು. ಏಳೂವರೆಗೆ ನನ್ನ ಮಗ ಇಸ್ತ್ರಿ ಮೇಜಿನ ಮೇಲಿದ್ದ ಅಂಗಿಗೆ ಕೈಹಾಕಿದ. ಅವನು ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದಲ್ಲಿ ಲಿಫ್ಟು ಕೆಟ್ಟು ನಿಂತು ಮೂವರು ಒಳಗೇ ಸಿಕ್ಕಿಕೊಂಡಿದ್ದಾರೆಂದು ಆಗಷ್ಟೇ ಫೋನು ಬಂದಿತ್ತು.

"ಅಮ್ಮಾ, ಇದೇನಿದು ಇಲ್ಲಿ?"

"ಅವಳ ನಂಬರಿನ ಹಿಂದಿತ್ತು, ಕಿತ್ತೆ. ಯಾಕೋ?"

"ಕಿತ್ತೆಯಾ?" ತಲೆಯ ಮೇಲೆ ಕೈ ಹೊತ್ತುಕೊಂಡ. "ಅದು ಚಿಪ್ಪು ಕಣಮ್ಮಾ! ಅರ್ಧ ದಾರೀಲಿ ಒಂದು ಮ್ಯಾಟ್ ಹಾಸಿರ್ತಾರೆ, ಕೊನೇಲಿ ಒಂದು. ಎರಡರ ಮೇಲೂ ಇದು ಕೂಗ್ಬೇಕು. ಇಲ್ಲಾಂದ್ರೆ ಅವಳು ಓಡಿದ್ದೂ ಒಂದೇ, ಮನೇಲಿ ಮಲಗಿದ್ದೂ ಒಂದೇ."

ಕೈಗೆ ಚಿಪ್ಪು ಕೊಡುವುದು ಎಂದರೆ ಇದೇ ಅಲ್ಲವೇ? ಅದೂ ಸ್ವಂತ ಸೊಸೆಗೆ, ಇಸ್ತ್ರಿ ಹಾಕಿ ಕೊಟ್ಟಿದ್ದೆ. ಆರು ವರ್ಷದ ನಾಲ್ಕೂವರೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಮಗ ಒಮ್ಮೆ ಚೀಟಿ ನೋಡಿದ, ಒಮ್ಮೆ ಫೋನು ನೋಡಿದ.

"ಸಿಕ್ಕಿಹಾಕ್ಕೊಂಡೋರು ಮೊದ್ಲು. ನೀನು ಲಿಫ್ಟಿಗೆ ನಡಿ," ಎಂದೆ. "ನನ್ನನ್ನ ದಾರೀಲಿ ಎಲ್ಲಿ ಬಿಡೋಕಾಗುತ್ತೋ ಅಲ್ಲಿ ಬಿಡು."

ಓಟಕ್ಕೆಂದು ರಸ್ತೆ ಮುಚ್ಚಿದ್ದ ಕಡೆ ಅವನು ನನ್ನನ್ನು ಬೈಕಿನಿಂದ ಇಳಿಸಿ ಹೋದಾಗ ಎಂಟಕ್ಕೆ ಹತ್ತು ನಿಮಿಷ. ಅರ್ಧ ದಾರಿಯ ಮ್ಯಾಟು ಇದ್ದದ್ದು ಸೇತುವೆಯ ಬಳಿ, ಅಲ್ಲಿಂದ ಒಂದೂವರೆ ಕಿಲೋಮೀಟರ್. ನನಗೆ ಎಪ್ಪತ್ತೊಂದು. ಬಲ ಮಂಡಿ ಹವಾಮಾನ ನೋಡಿಕೊಂಡು ಕೆಲಸ ಮಾಡುತ್ತದೆ. ಮುಚ್ಚಿದ ಅಂಗಡಿಗಳ ಮುಂದೆ, ಚೀಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡು, ನನ್ನನ್ನು ನಾನೇ ಬೈದುಕೊಳ್ಳುತ್ತ ನಡೆದೆ. ಬೈಯಲು ಬೇರೆ ಯಾರೂ ಇರಲಿಲ್ಲ.

ಸೇತುವೆ ಕಣ್ಣಿಗೆ ಬೀಳುವ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಅವಳೂ ಕಣ್ಣಿಗೆ ಬಿದ್ದಳು. ಹಸಿರು ಅಂಗಿ, ಅದೇ ಕುಲುಕು ಓಟ, ಎದೆಯ ಮೇಲೆ ಒಂದು ಸುಕ್ಕೂ ಇಲ್ಲದ ನಂಬರು. ಮ್ಯಾಟಿಗೆ ಇನ್ನು ಇನ್ನೂರು ಹೆಜ್ಜೆ ಇದ್ದಿರಬೇಕು. ಕೂಗಿದೆ. ಧ್ವನಿವರ್ಧಕದ ಹಾಡಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಓಡಿದೆ. ನಾನು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನಲವತ್ತು ವರ್ಷದಲ್ಲಿ ಮೊದಲ ಸಲ ಓಡಿದೆ. ಹತ್ತು ಹೆಜ್ಜೆಗೆ ಗಂಟಲು ಒಣಗಿತು. ಮೂವತ್ತು ಹೆಜ್ಜೆಗೆ ಪಕ್ಕೆ ಹಿಡಿಯಿತು. ಐವತ್ತಕ್ಕೆ, ಇನ್ನು ಆಗುವುದಿಲ್ಲ, ಯಾವ ಮೆಡಲೂ ಬೇಡ, ಇಲ್ಲೇ ಕೂತುಬಿಡೋಣ ಎನ್ನಿಸಿತು. ಅಬ್ಬಾ, ಈ ಹೆಂಗಸು ಇದನ್ನೇ ನಲವತ್ತೆರಡು ಕಿಲೋಮೀಟರ್ ಮಾಡುತ್ತಾಳಲ್ಲ! ಬಂದು ನನಗೆ ಮಾತ್ರೆ ಬೇರೆ ಕೊಡುತ್ತಾಳಲ್ಲ! ಎಂಥವಳನ್ನು ಮನೆಯಲ್ಲಿಟ್ಟುಕೊಂಡು ಉಪ್ಪು ಹೆಚ್ಚಾಗಲೆಂದು ಕಾದೆನೇ ನಾನು? ರಸ್ತೆಯ ನಡುಗಟ್ಟೆಯ ಸಂದಿನಲ್ಲಿ ನುಗ್ಗಿ ಅವಳಿಗೆ ಅಡ್ಡ ಹೋಗಿ ನಿಂತೆ.

"ಅತ್ತೆ! ಏನಾಯ್ತು? ಅವರಿಗೇನಾದ್ರೂ..."

ಮುಷ್ಟಿ ಬಿಚ್ಚಿ ತೋರಿಸಿದೆ. "ಚೀಟಿ... ಇಸ್ತ್ರಿಗೆ ಮುಂಚೆ... ಕಿತ್ತುಬಿಟ್ಟೆ ಕಣೆ."

ಅವಳು ಚೀಟಿ ನೋಡಿದಳು, ನಂಬರಿನ ಹಿಂದೆ ಬೆರಳಾಡಿಸಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನಕ್ಕಳು. "ಮೇಜಿನ ಅಂಚಿಗೆ ಅಂಟಿಸಿದ್ರಾ? ನಾನಾಗಿದ್ರೂ ಅಲ್ಲೇ ಅಂಟಿಸ್ತಿದ್ದೆ ಬಿಡಿ!" ಇಡೀ ಊರಿನಲ್ಲಿ ವಿವರಿಸದೆಯೇ ನನ್ನ ತಪ್ಪು ಅರ್ಥವಾಗುವವಳು ಅವಳೊಬ್ಬಳೇ.

ಚೀಟಿಯ ಗೋಂದು ಹೋಗಿತ್ತು. ಪಿನ್ನು ಚುಚ್ಚಿದರೆ ಅದು ಸತ್ತೇ ಹೋದೀತೆಂದು ಭಯ. ನನ್ನ ಪರ್ಸಿನಲ್ಲಿ ಸೂಜಿ ದಾರ ಯಾವತ್ತೂ ಇರುತ್ತದೆ. ಆದರೆ ದಾರ ಪೋಣಿಸಲು ಹೋದರೆ ಕೈ ಗಡಗಡ ನಡುಗಿತು, ಸೂಜಿಯ ಕಣ್ಣೇ ಸಿಗಲಿಲ್ಲ. ಅವಳೇ ಕಿತ್ತುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು. ಇಪ್ಪತ್ತೊಂದು ಕಿಲೋಮೀಟರ್ ಓಡಿದವಳ ಕೈ ಕಲ್ಲಿನ ಹಾಗಿತ್ತು. ನಂಬರಿನ ಅಂಚು ಎತ್ತಿ, ಚೀಟಿಯನ್ನು ಚುಚ್ಚದೆ, ಅದರ ಸುತ್ತ ನಾಲ್ಕು ಕಡೆ ದಾರ ಹಾಯಿಸಿ ಬಿಗಿದೆ. ನಮ್ಮ ಪಕ್ಕದಲ್ಲಿ ಜನ ಧಡಧಡ ಓಡಿಹೋಗುತ್ತಲೇ ಇದ್ದರು. ಮ್ಯಾಟಿನ ಬಳಿಯ ಕೆಂಪು ಟೋಪಿಯವನು ಗಡಿಯಾರ ನೋಡುತ್ತ, "ಅಮ್ಮಾ, ನಾಲ್ಕು ನಿಮಿಷ ಆಯ್ತು!" ಎಂದು ಕೂಗಿದ. ಹಲ್ಲಿನಲ್ಲಿ ದಾರ ಕಡಿದು, "ಹೋಗೇ," ಎಂದು ಬೆನ್ನಿಗೊಂದು ಕೊಟ್ಟೆ. ಮ್ಯಾಟಿನ ಮೇಲೆ ಚೀಟಿ ಪೀಂ ಎಂದಿತು.

ಕೆಂಪು ಟೋಪಿಯವನೇ ನನ್ನನ್ನು ನೀರಿನ ಕ್ಯಾನುಗಳ ಜೊತೆ ವ್ಯಾನಿನಲ್ಲಿ ಕೂರಿಸಿ ಓಟ ಮುಗಿಯುವ ಮೈದಾನಕ್ಕೆ ಕಳಿಸಿದ. ಅಲ್ಲಿ ಓಟ ಶುರುವಾದಾಗಿನಿಂದ ಹೊತ್ತು ಎಣಿಸುವ ದೊಡ್ಡ ಗಡಿಯಾರದ ಕೆಳಗೆ ನಿಂತು, ಬರುವವರ ಮುಖ ನೋಡುತ್ತ ಹೋದೆ. ಐದು ಗಂಟೆ ಐವತ್ತು ನಿಮಿಷ. ಐವತ್ತೈದು. ಐವತ್ತೊಂಬತ್ತು. ಹಸಿರು ಅಂಗಿಗಳು ಎಷ್ಟೋ ಬಂದವು, ನನ್ನದು ಬರಲಿಲ್ಲ. ಆರು ಆಯಿತು. ಹಾಡು ನಿಂತಿತು. ಒಬ್ಬ ಬಂದು ಮ್ಯಾಟು ಸುತ್ತಲು ಬಗ್ಗಿದ.

ಹೋಗಿ ಅದರ ಮೇಲೆ ನಿಂತೆ.

"ಅಜ್ಜಿ, ಸರೀರಿ. ಟೈಮ್ ಮುಗೀತು."

"ನಿನ್ನ ಗಡಿಯಾರಕ್ಕೆ ಮುಗೀತು. ನನ್ನ ಸೊಸೆಗೆ ಮುಗಿದಿಲ್ಲ. ಸುತ್ತೋದಾದ್ರೆ ನನ್ನನ್ನೂ ಸೇರಿಸಿ ಸುತ್ತು."

ಅವನು ಸೊಂಟಕ್ಕೆ ಕೈಯಿಟ್ಟು ನಿಂತ. ಆಗ ಮೈದಾನದ ಗೇಟಿನಲ್ಲಿ ಅವಳು ಕಂಡಳು. ಒಂದು ಕಾಲು ಎಳೆಯುತ್ತಿದ್ದಳು, ಆದರೂ ಓಡುತ್ತಿದ್ದಳು. ಹಿಂದೆಯೇ ಆ ಹತ್ತಿಸಿಕೊಳ್ಳುವ ವ್ಯಾನು ನಿಧಾನಕ್ಕೆ ಬರುತ್ತಿತ್ತು. ಮೂರು ಸಲ ಕರೆದರೂ ಹತ್ತಲಿಲ್ಲವೆಂದು ಡ್ರೈವರ್ ಆಮೇಲೆ ಹೇಳಿದ. ಮ್ಯಾಟಿನ ಮೇಲೆ ಕಾಲಿಟ್ಟಳು, ಚೀಟಿ ಕೂಗಿತು. ಆರು ಗಂಟೆ ಮೂರು ನಿಮಿಷ.

"ಇಳೀರಿ ಅತ್ತೆ ಮ್ಯಾಟಿಂದ," ಎಂದಳು ಏದುಸಿರು ಬಿಡುತ್ತ. "ನಿಮ್ಮನ್ನೂ ಎಣಿಸ್ಬಿಟ್ಟಾರು."

"ಟೈಮ್ ದಾಖಲಾಗಿದೆ," ಎಂದ ಮ್ಯಾಟಿನವನು, ಮುಖ ಸಣ್ಣದು ಮಾಡಿಕೊಂಡು. "ಆದ್ರೆ ಲಿಸ್ಟಿಗೆ ಬರಲ್ಲ ಮೇಡಂ. ಮೆಡಲೂ ಇಲ್ಲ."

"ಅದ್ರಲ್ಲಿ ನಾಲ್ಕು ನಿಮಿಷ ನಂದಪ್ಪಾ!" ಎಂದೆ. "ಅವಳದಲ್ಲ. ಕಳೆದುಬಿಡು."

"ಗಡಿಯಾರಕ್ಕೆ ಅದೆಲ್ಲ ಗೊತ್ತಾಗಲ್ಲ ಅಜ್ಜಿ."

ಸೊಸೆ ನನ್ನ ತೋಳು ಹಿಡಿದು ಹುಲ್ಲಿನ ಮೇಲೆ ಕೂರಿಸಿದಳು. ಓಡಿ ಬಂದವಳು ಅವಳು, ಕೂರಿಸಿದ್ದು ನನ್ನನ್ನು. "ಬಿಡಿ ಅತ್ತೆ. ಅಲ್ಲಿ ನಾಲ್ಕು ನಿಮಿಷ ನಿಂತಿದ್ದಕ್ಕೇ ಕಾಲಿಗೆ ಬಲ ಬಂತು. ಇಲ್ಲಾಂದ್ರೆ ಮೂವತ್ತಾರಕ್ಕೇ ಬಿದ್ದಿರ್ತಿದ್ದೆ." ಹಸೀ ಸುಳ್ಳು. ನನಗೆ ಅಷ್ಟೂ ತಿಳಿಯುವುದಿಲ್ಲವೇ? ಆಮೇಲೆ ಅವಳು ಮೆಲ್ಲಗೆ ಶೂ ಬಿಚ್ಚಿದಳು. ಮಣ್ಣು ಒರೆಸಿದಳು. ದಾರಗಳನ್ನು ಒಳಕ್ಕೆ ಸೇರಿಸಿ, ಎರಡನ್ನೂ ಜೋಡಿಸಿ, ಚೀಲದ ತಳಕ್ಕಿಟ್ಟು ಜಿಪ್ಪು ಎಳೆದಳು. ನನಗೆ ತಡೆಯಲಾಗಲಿಲ್ಲ.

"ನಾಳೆ ಹೋಗಿ ಆ ಸೂಪರ್‌ವೈಸರ್ ಕೆಲ್ಸ ಬೇಡ ಅಂತ ಹೇಳ್ಬಿಡು," ಎಂದೆ.

"ಏನಂದ್ರಿ?"

"ಕಿವುಡೇನೆ? ಬೇಡ ಅನ್ನು. ಭಾನುವಾರ ನಿಂಗೆ ಬೇಕು."

"ಅತ್ತೆ, ಅದು ನಿಮ್ಮ..."

"ನಂದೇ ಆಸೆ. ನಂದು ನಾನು ಬಿಟ್ಟೆ, ನಿಂದೇನು ಹೋಯ್ತು? ಕೂರೋಕೆ ಲಾಂಡ್ರೀಲಿ ಬೇಕಾದಷ್ಟು ಜನ ಇದ್ದಾರೆ. ನಿನ್ನ ಹಾಗೆ ಓಡೋಳು ಇನ್ನೊಬ್ಬಳಿದ್ರೆ ತೋರ್ಸು ನೋಡೋಣ. ನಿನ್ನಂಥೋಳನ್ನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ ಕಣೆ. ಆರು ವರ್ಷದಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಲವತ್ತೆರಡು ಕಿಲೋಮೀಟರಿನಲ್ಲಿ ಎಲ್ಲೂ ಅಳದವಳು, ಮೆಡಲು ಇಲ್ಲ ಎಂದಾಗಲೂ ಅಳದವಳು, ಆಗ ಅತ್ತಳು.

ನಾನೂ ಅತ್ತೆ.