ಒಂಬತ್ತನೇ ಓಟ

“ತಲೆ ಕಡೆ ಎತ್ತಿ! ಎತ್ತಿ ಅಂದ್ರೆ ಎತ್ಬೇಕಪ್ಪಾ, ಗೋಡೆ ಕೆರೆಯೋದಲ್ಲ!”

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಹೊತ್ತಿದ್ದ ನಾಲ್ವರೂ ನಾಲ್ಕು ಥರ ಬುದ್ಧಿ ಹೇಳುತ್ತಿದ್ದರು. ಒಳಗೆ ಮಲಗಿದ್ದವನು ಬದುಕಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಹೀಗೆ ಬಂದು ಹೀಗೆ ತಿರುಗಿ ಎಂದು ತೋರಿಸಿ ಕೈ ಒರೆಸಿಕೊಳ್ಳುತ್ತಿದ್ದ. ಕಾಗದ ಅವನಿಗೆ ಆಗಿಬರುತ್ತಿರಲಿಲ್ಲ. ಪಂಪು ರಿಪೇರಿ ಮಾಡುವ ಶೆಡ್ಡಿನಲ್ಲಿ, ಒಬ್ಬನೇ ಕೂರುವ ರೇಸ್ ಕಾರೊಂದನ್ನು ಮೂಗಿನಿಂದ ಬಾಲದವರೆಗೆ ನೆಲದ ಮೇಲೆಯೇ ನಿಜವಾದ ಅಳತೆಯಲ್ಲಿ ಬರೆದು, ಆಮೇಲೆ ಕಟ್ಟಿದ್ದ. ಒಮ್ಮೆ ಹೆಂಡತಿ ಗೊತ್ತಿಲ್ಲದೆ ಕಸ ಗುಡಿಸಿ ಹಿಂದಿನ ಎರಡು ಚಕ್ರ ಅಳಿಸಿಬಿಟ್ಟಿದ್ದಳು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಆ ಕಾಲವೇ ಬೇರೆ.

ಕಾರು ಓಡಿಸಿದವನು ಅವಳ ತಮ್ಮ. ಈಗ ಅವನಿಗೆ ಅರವತ್ತು ದಾಟಿದೆ. ಕುಂಟುಕಾಲಿನಿಂದಾಗಿ ಭಾವನ ಪೆಟ್ಟಿಗೆಗೆ ಹೆಗಲು ಕೊಡಲಾರದೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಪಕ್ಕ ಕೈಕಟ್ಟಿ ನಿಂತಿದ್ದ. ಅಂತೂ ಇಂತೂ ಪೆಟ್ಟಿಗೆ ಕೆಳಗಿಳಿದು ಹೊರಗೆ ನಿಂತಿದ್ದ ವ್ಯಾನು ಸೇರಿತು.

ಅಷ್ಟರಲ್ಲಿ ರೇಸ್ ಕ್ಲಬ್ಬಿನ ಕಾರ್ಯದರ್ಶಿ ಹಾಳೆಯೊಂದನ್ನು ಹಿಡಿದು ಅಕ್ಕನ ಹತ್ತಿರ ಬಂದ.

“ಸ್ಮಶಾನದಲ್ಲಿ ಎರಡು ಮಾತು ಓದೋಣ ಅಂತಿದೀನಮ್ಮಾ. ಕಾರಿನ ದಾಖಲೆ. ಒಂಬತ್ತು ಓಟ, ನಾಲ್ಕರಲ್ಲಿ ಗುರಿ ಮುಟ್ಟಿದೆ, ಒಂದ್ಸಲ ಎರಡನೇ ಸ್ಥಾನ. ಎಂಜಿನ್ ಚಿಕ್ಕದು, ಆದ್ರೆ ತಿರುವಲ್ಲಿ ಅದನ್ನ ಹಿಡಿಯೋರೇ ಇರ್ಲಿಲ್ಲ. ಒಂಬತ್ತನೇದು...” ಅವನು ತಡವರಿಸಿದ. “ಅದನ್ನ ಬಿಟ್ಬಿಡ್ತೀನಿ.”

“ಯಾಕೆ? ಏನು ಬರ್ದಿದೆ?”

“‘ವಿನ್ಯಾಸದ ದೋಷದಿಂದ ಮುಂದಿನ ಚಕ್ರವನ್ನು ಹಿಡಿದಿಡುವ ತೋಳು ಮುರಿದು ಅಪಘಾತ’ ಅಂತ.”

“ಓದಿ,” ಎಂದಳು ಅಕ್ಕ. “ನಿಜ ತಾನೇ? ಹೋದ್ರು ಅಂತ ಸುಳ್ಳು ಹೇಳೋದು ಬೇಡ. ನನ್ನ ತಮ್ಮನ ಕಾಲು ತಿಂದ ಕಾರು ಅದು.”

ತಮ್ಮ ಕುಂಟುತ್ತ ಅವರ ಹತ್ತಿರ ಬಂದ.

* * *

ಅಪಘಾತವಾದ ಮೂರನೇ ದಿನ ಭಾವ, ಮುರಿದ ತೋಳಿನ ತುಂಡನ್ನು ಹಳೇ ಬನಿಯನ್ನಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಬಂದಿದ್ದ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ತಮ್ಮ ಕ್ಲಬ್ಬಿನವರಿಗೆ ಆಗಲೇ ಹೇಳಿಕೆ ಕೊಟ್ಟಾಗಿತ್ತು: ತಿರುವಿಗೆ ಮುಂಚೆಯೇ ಏನೋ ಮುರಿಯಿತು, ಸ್ಟೀರಿಂಗ್ ಮಾತು ಕೇಳಲಿಲ್ಲ.

“ಮುರಿದಿರೋ ಜಾಗ ನೋಡು,” ಎಂದ ಭಾವ. “ಫಳಫಳ ಅಂತಿದೆ. ಮೊದಲೇ ಬಿರುಕು ಬಿಟ್ಟಿದ್ರೆ ಒಳಗೆ ಕಪ್ಪಾಗಿರ್ತಿತ್ತು. ಇದು ಗೋಡೆಗೆ ಹೊಡೆದ್ಮೇಲೆ ಮುರಿದಿದ್ದು.”

ತಮ್ಮ ಮುಖ ತಿರುಗಿಸಿದ. ಮುಂದಿನ ಕಾರನ್ನು ಹಿಂದೆ ಹಾಕುವ ಚಪಲಕ್ಕೆ ಬ್ರೇಕನ್ನು ತಡವಾಗಿ ಒತ್ತಿದ್ದು ಅವನಿಗೆ ಗೊತ್ತಿತ್ತು. ದೊಡ್ಡ ತಂಡವೊಂದು ಅವನನ್ನು ಕರೆಯುವುದರಲ್ಲಿತ್ತು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

“ಹೇಳಿದ್ದು ಹೇಳಿ ಆಯ್ತಲ್ಲ, ಬಿಡು,” ಭಾವ ತುಂಡನ್ನು ಮತ್ತೆ ಸುತ್ತಿದ. “ನೀನಿನ್ನೂ ಓಡಿಸೋದಿದೆ. ನಂಗೆ ಪಂಪು ಇದ್ದೇ ಇದೆ.”

“ಅಕ್ಕಂಗೆ?”

“ಅವಳ ಸಿಟ್ಟು ಎಷ್ಟು ದಿನ? ನಾಲ್ಕು ದಿನ.”

ಕಾಲು ನೆಟ್ಟಗಾಗಲಿಲ್ಲ, ತಂಡ ಕರೆಯಲಿಲ್ಲ. ಅಕ್ಕನ ಸಿಟ್ಟು ಮೂವತ್ತೊಂದು ವರ್ಷ ನಡೆಯಿತು. ಜಗಳವೇನೂ ಇರಲಿಲ್ಲ. ಊಟ ಆಗಿದೆ ಬನ್ನಿ, ನಲ್ಲಿ ಸೋರ್ತಿದೆ, ಬಾಗಿಲು ಹಾಕ್ಕೊಳ್ಳಿ. ಗಂಡನ ಜೊತೆ ಅವಳ ಮಾತು ಅಷ್ಟಕ್ಕೇ ಬಂದು ನಿಂತಿತು. ಭಾವ ಮತ್ತೆ ಕಾರು ಬರೆಯಲಿಲ್ಲ. ತಮ್ಮ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದ. ನಾಚಿಕೆಯೇನೋ ಆಗುತ್ತಿತ್ತು. ಆದರೆ ಅಕ್ಕ “ಇನ್ನೊಂಚೂರು ಹಾಕ್ಕೋ” ಎಂದು ತಟ್ಟೆಗೆ ಬಡಿಸುವಾಗ ಆ ನಾಚಿಕೆ ಎಲ್ಲಿಗೋ ಹೋಗಿಬಿಡುತ್ತಿತ್ತು.

* * *

“ಆ ಸಾಲು ಓದ್ಬೇಡಿ,” ಎಂದ ತಮ್ಮ. ತನ್ನ ದನಿ ತನಗೇ ಜೋರಾಗಿ ಕೇಳಿಸಿತು. “ಸುಳ್ಳು ಅದು. ನಾನು ಬ್ರೇಕ್ ಲೇಟಾಗಿ ಒತ್ತಿದ್ದು ಅಕ್ಕಾ. ಕಾರಲ್ಲಿ ಏನೂ ತಪ್ಪಿರ್ಲಿಲ್ಲ. ತೋಳು ಮುರಿದಿದ್ದು ಗೋಡೆಗೆ ಹೊಡೆದ್ಮೇಲೆ.”

ಕಾರ್ಯದರ್ಶಿ ಪೆನ್ನು ತೆಗೆದ. ಏನು ಮಾಡುವುದೆಂದು ತೋಚದೆ ಮತ್ತೆ ಜೇಬಿಗಿಟ್ಟುಕೊಂಡ.

“ಅವರಿಗೆ ಗೊತ್ತಿತ್ತಾ?” ಎಂದಳು ಅಕ್ಕ.

“ಆಸ್ಪತ್ರೇಲೇ ಗೊತ್ತಿತ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ನನಗೋಸ್ಕರ.”

ಅವಳು ಅಳುತ್ತಾಳೆ, ಇಲ್ಲವೇ ಕೆನ್ನೆಗೆ ಬಾರಿಸುತ್ತಾಳೆ ಎಂದು ಅವನು ಕಾದ. ಎರಡೂ ಆಗಲಿಲ್ಲ. ವ್ಯಾನಿನವನು ಹಾರನ್ ಹೊಡೆದ.

ವ್ಯಾನಿನ ಹಿಂಭಾಗದಲ್ಲಿ, ಪೆಟ್ಟಿಗೆಯ ಪಕ್ಕ ಒಬ್ಬರು ಕೂರುವಷ್ಟು ಜಾಗವಿತ್ತು. ತಮ್ಮನಿಗೆ ನಡೆಯುವುದು ಕಷ್ಟ ಎಂದು ಅಕ್ಕನೇ ಬೆಳಿಗ್ಗೆ ಅದನ್ನು ಅವನಿಗೆಂದು ಇಟ್ಟಿದ್ದಳು. ಅವನು ಹತ್ತಲು ಕಾಲಿಟ್ಟಾಗ ಅವಳು ಅವನ ರಟ್ಟೆ ಹಿಡಿದಳು.

“ಇಳಿ. ನೀನು ನಡ್ಕೊಂಡು ಬಾ.”

ತಾನೇ ಹತ್ತಿ ಬಾಗಿಲೆಳೆದುಕೊಂಡಳು. ವ್ಯಾನು ನಿಧಾನವಾಗಿ ಹೊರಟಿತು. ತಮ್ಮ ಕುಂಟುತ್ತ ಹಿಂದೆ ನಡೆದ. ಹಿಂದಿನ ಗಾಜಿನಲ್ಲಿ ಅಕ್ಕ ಕಾಣುತ್ತಿದ್ದಳು. ಪೆಟ್ಟಿಗೆಯ ಕಡೆ ಬಾಗಿ, ಕೈ ಆಡಿಸುತ್ತ, ಏನೋ ಹೇಳುತ್ತಿದ್ದಳು. ನಡುವೆ ಒಮ್ಮೆ, ಉತ್ತರಕ್ಕೆ ಕಾಯುವವಳ ಹಾಗೆ ಸುಮ್ಮನಾದಳು. ಮತ್ತೆ ಶುರು ಮಾಡಿದಳು. ವ್ಯಾನು ಬೀದಿಯ ಕೊನೆ ತಲುಪಿದರೂ ಅವಳ ಮಾತು ಮುಗಿದಿರಲಿಲ್ಲ.