ಕಾರ್ಡ್ ಬಂತಾ

"ಈ ಕಾಗದ ಒಂದೇ ಸಲಕ್ಕೆ ಮೇಡಂ," ಎಂದಳು ಮನಿಲಾ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. "ಮೊದಲನೇ ಸಲ ಕೆನಡಾದಲ್ಲಿ ಇಳಿಯೋಕೆ ಅಂತ ಕೊಟ್ಟಿದ್ದು. ಇಳಿದಾಯ್ತಲ್ಲ. ಈಗ ವಾಪಸ್ ಹೋಗೋಕೆ ಕಾಯಂ ನಿವಾಸಿ ಕಾರ್ಡೇ ಬೇಕು."

ರೊವೆನಾ ನಕ್ಕಳು. ವಿನಿಪೆಗ್‌ನಲ್ಲಿ ಚರ್ಚಿನ ಗೆಳತಿ ಎಡ್ನಕ್ಕ ಹೇಳಿಕೊಟ್ಟು ಕಳಿಸಿದ್ದೇ ಹಾಗೆ, ಮೊದಲು ನಗು, ಆಮೇಲೆ ಮಾತು ಎಂದು. ನಗುತ್ತಲೇ ತನ್ನ ಕಾರ್ಡನ್ನು ತೆಗೆದು ಮಗಳ ಪಾಸ್‌ಪೋರ್ಟಿನ ಪಕ್ಕ ಇಟ್ಟಳು. ಮಗಳದ್ದೂ ಮಂಜೂರಾಗಿದೆ, ಅಂಚೆಯಲ್ಲಿ ಬರುತ್ತಿದೆ, ಅಷ್ಟರಲ್ಲಿ ಅಜ್ಜಿ ತೀರಿಕೊಂಡಳೆಂದು ಓಡಿ ಬರಬೇಕಾಯಿತು, ತಾಯಿಯ ಹತ್ತಿರ ಕಾರ್ಡ್ ಇರುವಾಗ ಹತ್ತು ವರ್ಷದ ಮಗು ಇನ್ನೆಲ್ಲಿಗೆ ಹೋದೀತು ಎಂದೆಲ್ಲ ಒಂದೇ ಉಸಿರಿಗೆ ವಿವರಿಸಿದಳು. ಹುಡುಗಿ ಕೆಟ್ಟವಳಲ್ಲ. ಪೂರ್ತಿ ಕೇಳಿಸಿಕೊಂಡಳು, ಒಳಗಿನಿಂದ ಮೇಲಿನವನನ್ನೂ ಕರೆಸಿದಳು. ಅವನು ಬಂದು ಇವಳು ಹೇಳಿದ್ದನ್ನೇ ಇನ್ನಷ್ಟು ಮರ್ಯಾದೆಯಿಂದ ಹೇಳಿದ. ಅಮ್ಮನವರು ಹತ್ತಬಹುದು, ಮಗುವನ್ನು ಹತ್ತಿಸುವಂತಿಲ್ಲ. ಕಾರ್ಡ್ ಇಲ್ಲದಿದ್ದರೆ ಮನಿಲಾದಲ್ಲಿರುವ ಕೆನಡಾ ಕಚೇರಿಗೆ ಅರ್ಜಿ ಹಾಕಿ ಪ್ರಯಾಣದ ಪತ್ರ ತರಬೇಕು, ಅದಕ್ಕೆ ವಾರಗಟ್ಟಲೆ ಆಗುತ್ತದೆ.

ಮಗಳು ಜೊವೆಲ್ ತಾಯಿಯ ಪಕ್ಕದಲ್ಲಿ ತನ್ನ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ದೊಡ್ಡವರ ಮಾತು ನಿಂತ ಮೇಲೆ ಮೆಲ್ಲಗೆ ಕೇಳಿದಳು.

"ಮಮ್ಮಾ, ನಮ್ ಜೀಪು ಹೊರಟುಬಿಟ್ಟಿರುತ್ತಾ?"

ಆ ಪ್ರಶ್ನೆ ರೊವೆನಾಳಿಗೆ ಆಗ ತಾಗಲಿಲ್ಲ. ಮಗು ಹೆದರಿಕೊಂಡಿದೆ ಎಂದುಕೊಂಡು ತಲೆ ಸವರಿದಳು.

ಜೀಪು ಎಲ್ಲಿಗೆ ಹೋದೀತು? ಊರಿಂದ ಒಬ್ಬರನ್ನು ಕಳಿಸಿಕೊಡುವುದೆಂದರೆ ನಮ್ಮಲ್ಲಿ ಬೀದಿಗೆ ಬೀದಿಯೇ ಹೊರಡುತ್ತದೆ. ತಮ್ಮೂರು ಪಾಂಗಸಿನಾನ್‌ನಿಂದ ಬೆಳಗಿನ ಜಾವವೇ ಬಾಡಿಗೆ ಜೀಪು ಮಾಡಿಕೊಂಡು, ಅನ್ನದ ಪಾತ್ರೆ, ಹುರಿದ ಮೀನು, ಎರಡು ಕೈಗೂಸು ಸಮೇತ ಬಂದವರು ವಿಮಾನ ನೆಲ ಬಿಟ್ಟಿತೆಂದು ಖಾತ್ರಿಯಾಗುವ ತನಕ ಕದಲುವವರಲ್ಲ. ರೊವೆನಾಳ ತಂಗಿ ನೆನಿತಾ ಆ ಹೊತ್ತಿಗೆ ಹೊರಗೆ ಚಾಪೆ ಹಾಸಿ ಊಟಕ್ಕೆ ಬಡಿಸುತ್ತಿದ್ದಿರಬೇಕು.

ತಪ್ಪು ಯಾರದ್ದು ಎಂದು ಕೇಳಿದರೆ ಎಲ್ಲರದ್ದೂ ಒಂದೊಂದು ಚೂರು. ರೊವೆನಾ ಕೆನಡಾಕ್ಕೆ ಹೋದಾಗ ಜೊವೆಲ್‌ಗೆ ಮೂರು ವರ್ಷ. ಗಂಡನೆಂಬವನು ಅಷ್ಟರಲ್ಲಿ ದಾವಾವೊದಲ್ಲಿ ಬೇರೆ ಸಂಸಾರ ಹೂಡಿಯಾಗಿತ್ತು. ಮಗು ಮಲಗಿದ್ದಾಗ ಎದ್ದು ಹೊರಟವಳು ಮತ್ತೆ ಅದನ್ನು ಕಣ್ಣಾರೆ ಕಂಡದ್ದು ಏಳು ವರ್ಷದ ಮೇಲೆ, ವಿನಿಪೆಗ್‌ನ ವಿಮಾನ ನಿಲ್ದಾಣದಲ್ಲಿ. ನಡುವೆ ಅವಳು ಊರಿಗೆ ಬರಲೇ ಇಲ್ಲ. ಬಂದರೆ ಖರ್ಚು, ಖರ್ಚಾದರೆ ಮಗಳ ಅರ್ಜಿ ಹಿಂದೆ ಬೀಳುತ್ತದೆ ಎಂಬ ಲೆಕ್ಕ. ಕಂಡವರ ಮನೆಯ ಮುದುಕರನ್ನು ಎತ್ತಿ ಕೂರಿಸಿ, ಮೈ ತೊಳೆಸಿ, ತುತ್ತು ಉಣಿಸಿ, ಕೊನೆಗೆ ಕಾಯಂ ನಿವಾಸಿ ಅನ್ನಿಸಿಕೊಂಡು ಮಗಳನ್ನೂ ಹಾಗೆಯೇ ಕರೆಸಿಕೊಂಡಳು. ಕರೆಸಿಕೊಂಡ ಮಗಳು ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದಳು. ಹೆತ್ತವಳು ಫೋನಿನ ಮಮ್ಮಾ.

ವಿನಿಪೆಗ್‌ನಲ್ಲಿ ಮಗು ಒಂದು ದಿನವೂ ಹಟ ಮಾಡಲಿಲ್ಲ, ಅದೇ ರೊವೆನಾಳ ಸಂಕಟ. ಫ್ರಿಜ್ಜಿನ ಬಾಗಿಲು ತೆಗೆಯಲು ಅಪ್ಪಣೆ ಕೇಳುತ್ತಿದ್ದಳು. ಊಟವಾದ ಮೇಲೆ ಅಡಿಗೆ ಚೆನ್ನಾಗಿತ್ತು ಎನ್ನುತ್ತಿದ್ದಳು. ಹಾಸಿಗೆಯ ಮೇಲಿನ ಹೊದಿಕೆಯನ್ನು ಬೆಳಿಗ್ಗೆ ಎಷ್ಟು ಓರಣವಾಗಿ ಮಡಚಿಡುತ್ತಿದ್ದಳೆಂದರೆ ರಾತ್ರಿ ಅಲ್ಲಿ ಯಾರೂ ಮಲಗಿಯೇ ಇಲ್ಲವೇನೋ ಅನ್ನಿಸಬೇಕು. ನಿಧಾನಕ್ಕೆ ಸರಿಹೋಗುತ್ತದೆ ಎಂದು ಚರ್ಚಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು. ಐದು ವಾರಕ್ಕೆ ಊರಿಂದ ಅಜ್ಜಿಯ ಸಾವಿನ ಸುದ್ದಿ ಬಂತು.

ಸುದ್ದಿ ಕೇಳಿದ ಜೊವೆಲ್ ಎರಡು ದಿನ ಅನ್ನ ಮುಟ್ಟಲಿಲ್ಲ. ಅಳಲೂ ಇಲ್ಲ. ರೊವೆನಾಳಿಗೆ ಹೆದರಿಕೆಯಾಯಿತು. ಕಾರ್ಡ್ ಬರುವ ತನಕ ಮಗುವನ್ನು ದೇಶ ಬಿಡಿಸಬೇಡ ಎಂದು ಅವಳು ಕೆಲಸ ಮಾಡುವ ವೃದ್ಧಾಶ್ರಮದ ನರ್ಸ್ ಒಬ್ಬಳು ಹೇಳಿದ್ದುಂಟು. ಆದರೆ ಚರ್ಚಿನ ಹಾಡುಗಾರರ ಮುಂದಾಳು ಎಡ್ನಕ್ಕ, "ನನ್ ಅಣ್ಣನ್ ಮಗ ಆ ಕಾಗದ ಹಿಡ್ಕೊಂಡೇ ಬಂದ ಕಣೇ, ಯಾರೂ ಕೇಳ್ಲಿಲ್ಲ" ಎಂದಳು. ಕಚೇರಿಯವರು ನೂರು ಸಲ ಹೇಳಿದರೂ ನಮ್ಮವರಿಗೆ ನಂಬಿಕೆ ಬಾರದು. ಅಣ್ಣನ ಮಗ ಹೋಗಿ ಬಂದನೆಂದರೆ ಮುಗಿಯಿತು, ಅದೇ ಕಾನೂನು.

ಊರಿನಲ್ಲಿ ಇವರಿಗೋಸ್ಕರ ಹೆಣವನ್ನು ಇಟ್ಟುಕೊಂಡು ಕಾದಿದ್ದರು. ಅಂಗಳದಲ್ಲಿ ಹೆಣ ಕಾಯುವವರ ಜಾಗರಣೆಗೆಂದು ಇಸ್ಪೀಟು, ಕಾಫಿ, ಬಿಸ್ಕತ್ತು, ನೆಂಟರ ಗುಂಪು. ಶವಪೆಟ್ಟಿಗೆಯ ಗಾಜಿನ ಮೇಲೆ ಕಣ್ಣೀರು ಬೀಳಬಾರದು, ಬಿದ್ದರೆ ಸತ್ತವರ ದಾರಿ ಭಾರವಾಗುತ್ತದೆ. ಜೊವೆಲ್‌ಗೆ ಅದು ಗೊತ್ತಿತ್ತು. ಗಾಜಿಗೆ ಅಂಗೈ ಒತ್ತಿ, ಮುಖವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡು, ಅಷ್ಟು ದಿನ ತಡೆದದ್ದನ್ನೆಲ್ಲ ಅತ್ತಳು. ಹೆಣ ಎತ್ತುವ ಮೊದಲು ಮನೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪೆಟ್ಟಿಗೆಯ ಆಚೆಯಿಂದ ಈಚೆಗೆ ದಾಟಿಸಿದರು. ಹಾಗೆ ದಾಟಿಸಿದರೆ ಸತ್ತವರು ಮಕ್ಕಳ ಕನಸಿಗೆ ಬಂದು ಕಾಡುವುದಿಲ್ಲ. ಸೋದರಮಾವ ಎತ್ತಿಕೊಳ್ಳಲು ಬಂದಾಗ ಜೊವೆಲ್ ಕಂಬ ಹಿಡಿದು ಕೂತಳು.

"ನನ್ನನ್ನ ದಾಟಿಸ್ಬೇಡಿ. ಅಮ್ಮ ಬರ್ಲಿ. ನಂಗೆ ಬೇಕು."

ಯಾರಿಗೂ ಅವಳನ್ನು ಬಿಡಿಸುವ ಧೈರ್ಯ ಬರಲಿಲ್ಲ. ಹೆತ್ತ ತಾಯಿ ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. ತನ್ನ ತಾಯಿ ಸತ್ತ ದುಃಖ ಒಂದು ಕಡೆ, ಆ ತಾಯಿಯ ಮೇಲೇ ಹೊಟ್ಟೆಕಿಚ್ಚು ಇನ್ನೊಂದು ಕಡೆ. ಹೇಳಿಕೊಳ್ಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಣ್ಣು ಮಾಡಿದ ಮರುದಿನ ಪಕ್ಕದ ಮನೆಯ ಮೇಷ್ಟ್ರು ಕಾಗದ ನೋಡಿ, ಇದರಲ್ಲಿ ನಡೆಯುವುದಿಲ್ಲ, ಇವತ್ತೇ ಮನಿಲಾಕ್ಕೆ ಹೋಗಿ ಪ್ರಯಾಣದ ಪತ್ರಕ್ಕೆ ಅರ್ಜಿ ಹಾಕು ಎಂದರು. ರೊವೆನಾ ಚಪ್ಪಲಿ ಮೆಟ್ಟಿದ್ದೂ ಆಗಿತ್ತು. ಒಂಬತ್ತು ದಿನದ ಪ್ರಾರ್ಥನೆ ಮುಗಿಯದೆ ಮನೆಯವರು ಪ್ರಯಾಣದ ಕೆಲಸಕ್ಕೆ ಹೊಸಿಲು ದಾಟಿದರೆ ಸಾವು ಹಿಂದೆಯೇ ಬರುತ್ತದೆ ಎಂದು ಚಿಕ್ಕಮ್ಮಂದಿರು ತಡೆದರು. "ಇನ್ನೊಂದು ಹೆಣ ಬೇಕಾ ಅಕ್ಕಾ ಈ ಮನೆಗೆ?" ಎಂದಳು ನೆನಿತಾ. ಇದನ್ನೆಲ್ಲ ರೊವೆನಾ ನಂಬುತ್ತಿದ್ದಳೆಂದಲ್ಲ. ಆದರೆ ಏಳು ವರ್ಷ ಮನೆಯಲ್ಲಿ ಇಲ್ಲದವಳಿಗೆ, ತಾಯಿಯ ಬಾಯಿಗೆ ಕೊನೆಯ ಗುಟುಕು ನೀರು ಬಿಡದವಳಿಗೆ, ಮನೆಯ ಪದ್ಧತಿ ಮುರಿಯುವ ಬಾಯಿ ಎಲ್ಲಿಂದ ಬರಬೇಕು? ಚಪ್ಪಲಿ ಬಿಚ್ಚಿಟ್ಟು ಜಪಮಾಲೆ ಹಿಡಿದು ಕೂತಳು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ರಜೆಯೂ ಮುಗಿಯುತ್ತ ಬಂದಿತ್ತು.

ಈಗ ಕೌಂಟರಿನ ಮುಂದಿನಿಂದ ಪಕ್ಕಕ್ಕೆ ಸರಿದು ಎಡ್ನಕ್ಕನಿಗೆ ಫೋನ್ ಮಾಡಿದಳು. ಎಡ್ನಕ್ಕ ಅಣ್ಣನ ಮಗನ ಸುದ್ದಿಯನ್ನೇ ಎತ್ತಲಿಲ್ಲ. ಅಮೆರಿಕಾಕ್ಕೆ ಹಾರಿ ಅಲ್ಲಿಂದ ಯಾರದಾದರೂ ಕಾರಿನಲ್ಲಿ ಗಡಿ ದಾಟಿದರೆ ಈ ಕಾಗದವೇ ಸಾಕಂತೆ, ಹಾಗೆ ಮಾಡಬಹುದಲ್ಲ ಎಂದಳು. ಅಮೆರಿಕಾದ ವೀಸಾ ಯಾವ ಮರದಲ್ಲಿ ಬಿಡುತ್ತದೆ ಎಂದು ರೊವೆನಾ ಕೇಳಿ ಫೋನ್ ಇಟ್ಟಳು.

ತಾನೂ ಉಳಿದುಬಿಡಲೇ ಎಂದು ಯೋಚಿಸಿದಳು. ಉಳಿದರೆ ಸೋಮವಾರ ಕೆಲಸದಲ್ಲಿ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ, ಅದನ್ನು ಮೇಲಿನವಳು ಬಾಯಿಬಿಟ್ಟು ಹೇಳಿಯೇ ರಜೆ ಕೊಟ್ಟಿದ್ದಳು. ಕಾರ್ಡ್ ಬರುವುದೂ ವಿನಿಪೆಗ್‌ನ ಮನೆಗೇ, ಅಂಚೆಪೆಟ್ಟಿಗೆಯ ಬೀಗದ ಕೈ ಇರುವುದು ಇವಳ ಹತ್ತಿರ. ಪ್ರಯಾಣದ ಪತ್ರಕ್ಕಿಂತ ಅದೇ ಮೊದಲು ಬಂದೀತು, ಹೋದರೆ ಕಾರ್ಡನ್ನು ಊರಿಗೆ ಬರುವವರ ಕೈಲಿ ಕಳಿಸಬಹುದು, ಅವರ ಜೊತೆಯಲ್ಲೇ ಮಗಳನ್ನು ಕರೆಸಿಕೊಳ್ಳಬಹುದು. ಹೋಗುವುದೇ ಸರಿ. ಸರಿಯಾದದ್ದು ಇಷ್ಟು ಸುಡಬಾರದಿತ್ತು.

ಹೊರಗೆ ಜೀಪಿನ ಹತ್ತಿರ ಎಲ್ಲರೂ ಎದ್ದು ನಿಂತರು. ವಿಷಯ ಕೇಳಿ ನೆನಿತಾ ಕಣ್ಣೊರೆಸಿಕೊಂಡು, ಇರಲಿ ಬಿಡು, ನನ್ನ ಮಕ್ಕಳ ಜೊತೆ ಇನ್ನೊಂದಾಗಿ ಬೆಳೆಯುತ್ತಾಳೆ ಎಂದಳು.

"ಬೆಳೆಯೋಕಲ್ಲ ಕಣೇ," ಎಂದಳು ರೊವೆನಾ. "ಕಾರ್ಡ್ ಬರೋ ತನಕ ಇರೋಕೆ."

ಜೊವೆಲ್ ಮುಂದೆ ಬಂದು ರೊವೆನಾಳ ಕೈಯನ್ನು ಹಣೆಗೆ ಒತ್ತಿಕೊಂಡಳು, ಹಿರಿಯರಿಗೆ ಮಾಡುವಂತೆ. "ಹುಷಾರಾಗಿ ಹೋಗ್ಬನ್ನಿ ಮಮ್ಮಾ. ಅಲ್ಲಿ ಚಳಿ ಇರುತ್ತೆ, ಬೆಚ್ಚಗೆ ಹಾಕ್ಕೊಳ್ಳಿ," ಎಂದಳು. ಹತ್ತು ವರ್ಷದ ಮಗುವಿನ ಮಾತೇ ಅದು! ರೊವೆನಾ ಅವಳನ್ನು ಬಾಚಿ ತಬ್ಬಿಕೊಂಡು, ಬೇಗ ಕರೆಸಿಕೊಳ್ತೀನಿ, ಅಳಬೇಡ ಎಂದು ಹೇಳಿ ಹೇಳಿ ತಾನೇ ಅತ್ತಳು. ಮಗು ಅಳುತ್ತಿರಲಿಲ್ಲ. ತನ್ನ ಅಳುವಿನಲ್ಲಿ ಅದನ್ನು ಗಮನಿಸುವ ಸ್ಥಿತಿ ಅವಳಿಗಿರಲಿಲ್ಲ.

ವಿನಿಪೆಗ್‌ನಲ್ಲಿ ಹಿಮ ಬೀಳತೊಡಗಿತ್ತು. ಸಂಜೆ ಕೆಲಸ ಮುಗಿಸಿ ಬಂದು ಫೋನ್ ಮಾಡಿದರೆ ಊರಿನಲ್ಲಿ ಬೆಳಗು, ಜೊವೆಲ್ ಶಾಲೆಗೆ ಹೊರಡುವ ಹೊತ್ತು. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು, ಹಿಂದೆ ನೆನಿತಾ ಜಡೆ ಹೆಣೆಯುತ್ತಿರುತ್ತಿದ್ದಳು. ಮೊದಲ ಮಾತು ದಿನವೂ ಒಂದೇ.

"ಕಾರ್ಡ್ ಬಂತಾ ಮಮ್ಮಾ?"

ಇಲ್ಲ ಎಂದು ಹೇಳುವುದು ರೊವೆನಾಳಿಗೆ ಕಷ್ಟ. ಕಷ್ಟವಾದರೂ ಒಳಗೊಳಗೆ ಹಿಗ್ಗು. ಮಗಳು ದಿನಾ ಕೇಳ್ತಾಳೆ ಎಂದು ಎಡ್ನಕ್ಕನ ಹತ್ತಿರ ಹೇಳಿಕೊಂಡಳು, ವೃದ್ಧಾಶ್ರಮದಲ್ಲಿ ಕಿವಿ ಕೇಳಿಸದ ಮುದುಕಿಗೂ ಹೇಳಿಕೊಂಡಳು. "ನೋಡು, ದೂರ ಇದ್ರೇನೇ ಹೆತ್ತೋಳ ಬೆಲೆ ಗೊತ್ತಾಗೋದು," ಎಂದಳು ಎಡ್ನಕ್ಕ. ರೊವೆನಾ ಮಗಳಿಗೆಂದು ಹಿಮದ ಬೂಟು ಕೊಂಡಳು, ನೇರಳೆ ಬಣ್ಣದ್ದು. ಒಂದು ಅಳತೆ ದೊಡ್ಡದನ್ನೇ ತೆಗೆದುಕೊಂಡಳು.

ಒಂದು ದಿನ ಮಗಳನ್ನು ಖುಷಿಪಡಿಸೋಣವೆಂದು, "ಇವತ್ತು ಇಲ್ಲ ಕಂದಾ, ಆದ್ರೆ ನಾಳೆ ಬಂದೇಬರುತ್ತೆ ಅನ್ಸುತ್ತೆ," ಎಂದಳು. ಪರದೆಯ ಮೇಲಿನ ಪುಟ್ಟ ಮುಖ ಬಾಡಿಹೋಯಿತು. ಜೊವೆಲ್ ಕಚ್ಚಿದ್ದ ಬ್ರೆಡ್ಡನ್ನು ಬಾಯಿಂದ ತೆಗೆದು ತಟ್ಟೆಯಲ್ಲಿಟ್ಟಳು. ಸ್ಕೂಲಿಗೆ ಹೊತ್ತಾಯಿತು ಎಂದು ಎದ್ದುಹೋದಳು. ಅರ್ಧ ಜಡೆ ಕೈಯಲ್ಲಿ ಹಿಡಿದಿದ್ದ ನೆನಿತಾ ಅಕ್ಕನ ಕಡೆ ನೋಡಲಾರದೆ ಹಣಿಗೆಯ ಕೂದಲು ಬಿಡಿಸುತ್ತ ಕೂತಳು. ಅಕ್ಕತಂಗಿಯರಿಗೆ ಅಷ್ಟು ಸಾಕು.

ಆ ರಾತ್ರಿ ರೊವೆನಾ ಎಲ್ಲವನ್ನೂ ಹಿಂದಿನಿಂದ ಮತ್ತೆ ನೋಡಿಕೊಂಡಳು. ಕಾರ್ಡ್ ಬಂತಾ ಎಂದು ಕೇಳುವಾಗಿನ ಆ ಬಿಗಿ ಹಿಡಿದ ಭುಜ, ಇಲ್ಲ ಎಂದ ಕೂಡಲೇ ಇಳಿಯುತ್ತಿದ್ದ ಉಸಿರು. ಎಷ್ಟು ಹೆಡ್ಡಿ ನಾನು ಎಂದುಕೊಂಡಳು. ಬಂದೇ ಬಿಡುತ್ತದೋ ಎಂಬ ಭಯದಿಂದ ಮಗು ದಿನಾ ಕೇಳುತ್ತಿದ್ದರೆ ತಾನು ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಕಾರ್ಡ್ ಬಂದದ್ದು ಒಂದು ಗುರುವಾರ. ಅಂಚೆಪೆಟ್ಟಿಗೆಯ ತಳದಲ್ಲಿ, ಅಂಗಡಿಯ ಜಾಹೀರಾತುಗಳ ಅಡಿಯಲ್ಲಿತ್ತು. ಹೆಬ್ಬೆರಳಗಲದ ಫೋಟೊದಲ್ಲಿ ಮಗಳು ನಗದೆ ನೇರ ನೋಡುತ್ತಿದ್ದಳು. ಬೈತಲೆ ನೂಲು ಹಿಡಿದಂತೆ ಇತ್ತು, ಅದು ಅಜ್ಜಿಯ ಕೈ. ರೊವೆನಾ ಅದಕ್ಕೆ ಮುತ್ತಿಟ್ಟಳು. ಎಡ್ನಕ್ಕನ ನೆಂಟರೊಬ್ಬರು ಬರುವ ವಾರ ಊರಿಗೆ ಹೊರಡುವವರಿದ್ದರು, ಕ್ರಿಸ್‌ಮಸ್‌ಗೆ ಮೊದಲು ವಾಪಸ್. ಎಲ್ಲ ಕೂಡಿ ಬಂದಿತ್ತು. ಏನು ಹೇಳಬೇಕೆಂದು ತನ್ನ ನೆಲಮಾಳಿಗೆ ಮನೆಯ ಮೆಟ್ಟಿಲು ಇಳಿಯುತ್ತಲೇ ಯೋಚಿಸಿದಳು. ಮೊದಮೊದಲು ಕಷ್ಟ, ಆಮೇಲೆ ಸರಿಹೋಗುತ್ತದೆ, ನಿನ್ನ ಒಳ್ಳೆಯದಕ್ಕೇ. ತಾಯಿಯಾದವಳು ಹೇಳಬೇಕಾದ್ದೇ ಅದು. ಕೋಟನ್ನೂ ಬಿಚ್ಚದೆ ಅಡಿಗೆಮನೆಯ ನೆಲದ ಮೇಲೆ ಕೂತು ಫೋನ್ ಹಚ್ಚಿದಳು.

ಜೊವೆಲ್ ಬ್ರೆಡ್ಡನ್ನು ಕಾಫಿಗೆ ಅದ್ದುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಕಾರ್ಡ್ ಬಂತಾ ಮಮ್ಮಾ?"

ಹಿಂದೆ ನೆನಿತಾಳ ಬೆರಳುಗಳೂ ಜಡೆಯಲ್ಲಿ ನಿಂತವು. ರೊವೆನಾಳ ಎಡಗೈಯಲ್ಲಿ, ಫೋನಿಗೆ ಕಾಣದಷ್ಟು ಕೆಳಗೆ, ಕಾರ್ಡ್ ಇತ್ತು. ಅವಳು ಮಗಳ ಮುಖ ನೋಡಿದಳು.

"ಇಲ್ಲ ಕಂದಾ. ಇನ್ನೂ ಬಂದಿಲ್ಲ."

"ನಾಳೆ?"

"ನಾಳೇನೂ ಬರಲ್ಲ ಅನ್ಸುತ್ತೆ. ಈಗ ಎಲ್ಲಾ ತುಂಬಾ ತಡ ಆಗ್ತಿದೆಯಂತೆ."

ಜೊವೆಲ್ ಬ್ರೆಡ್ಡನ್ನು ಬಾಯಿಗಿಟ್ಟುಕೊಂಡಳು. ಅಗಿದಳು. ಆಮೇಲೆ ಏನೋ ನೆನಪಾಗಿ ಕಣ್ಣರಳಿಸಿ ಫೋನಿಗೆ ಹತ್ತಿರ ಬಂದಳು. "ಮಮ್ಮಾ, ನಿಂಗೊತ್ತಾ, ನಮ್ ಬಾತುಕೋಳಿ ಮೇಷ್ಟ್ರ ಮನೆ ಬಾವಿಗೆ ಬಿದ್ಬಿಟ್ಟಿತ್ತು," ಎಂದಳು. ಬಾತುಕೋಳಿಯಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ಶಾಲೆಯ ನಾಟಕಕ್ಕೆ, ನಾಟಕದಲ್ಲಿ ತನಗೆ ಕೊಟ್ಟ ಕುರಿಯ ಪಾರ್ಟಿಗೆ ಮಾತು ಹರಿಯಿತು. ಕುರಿ ಎರಡೇ ಸಲ ಕೂಗಬೇಕಂತೆ, ಇವಳು ಮೂರನೇ ಸಲವೂ ಕೂಗುವವಳಿದ್ದಾಳಂತೆ. ನೆನಿತಾ ಶಾಲೆಗೆ ಹೊತ್ತಾಯಿತೆಂದು ಎರಡು ಸಲ ಎಚ್ಚರಿಸಿದರೂ ಅವಳು ಕೇಳಿಸಿಕೊಳ್ಳಲಿಲ್ಲ.

"ಹೇಗೆ ಕೂಗ್ತೀಯ, ಕೂಗು ನೋಡೋಣ," ಎಂದಳು ರೊವೆನಾ.

ಮಗು ಕೂಗಿತು. ರೊವೆನಾಳ ಬೂಟಿನ ಹಿಮ ಕರಗಿ, ನೀರು ನೆಲದ ಮೇಲೆ ಅವಳ ಮಂಡಿಯವರೆಗೆ ಹರಿದು ಬಂದಿತ್ತು. ಅವಳು ಏಳಲಿಲ್ಲ. ಇನ್ನೊಂದು ಸಲ ಕೂಗು ಎಂದಳು.