ಎಡಕ್ಕೆ ತಿರುಗಿದ ಆನೆ

ರೇಷ್ಮೆಗೆ ಸಾವಿರದ ಎಂಟುನೂರು, ಜರಿಗೆ ಒಂಬೈನೂರು, ಹೊಸ ಚಿತ್ರ ಮೂಡಿಸಲು ಮಗ್ಗಕ್ಕೆ ಕಟ್ಟುವ ತೂತಿನ ರಟ್ಟು ಕೊರೆಸಿದ್ದಕ್ಕೆ ನಾಲ್ಕೂವರೆ ಸಾವಿರ. ಒಟ್ಟು ಏಳು ಸಾವಿರದ ಇನ್ನೂರು. ಹೆಂಡತಿ ಕೋಮಲಳ ಕಿವಿಯೋಲೆ ಮಾರಿದ್ದಕ್ಕೆ ಬಂದದ್ದೂ ಹೆಚ್ಚುಕಮ್ಮಿ ಅಷ್ಟೇ. ಹನ್ನೊಂದು ದಿನ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತದ್ದಕ್ಕೆ ಶಾಂತರಾಜು ಬೆಲೆ ಕಟ್ಟಲಿಲ್ಲ. ನೇಯುವವನು ಸೊಂಟನೋವಿಗೂ ಬೆಲೆ ಕಟ್ಟುತ್ತ ಹೋದರೆ ಕೊಳ್ಳೇಗಾಲದಲ್ಲಿ ಮಗ್ಗದ ಸದ್ದೇ ಇರುವುದಿಲ್ಲ.

ಇಷ್ಟೂ ಸುರಿದದ್ದು ಒಂದೇ ಒಂದು ಶಾಲಿಗೆ. ಊರ ಹಿರಿಯರು ಸಮಿತಿ ಕಟ್ಟಿಕೊಂಡು, ಎಲ್ಲರೂ ಮರೆತಿದ್ದ ಊರ ಹಳೆಯ ಆನೆ ಲಾಂಛನವನ್ನು ಮತ್ತೆ ಮೆರೆಸಲು ಹೊರಟಿದ್ದರು. ಸಮಾರಂಭ ಭಾನುವಾರ. ಮಾದರಿ ಶಾಲು ಒಪ್ಪಿಗೆಯಾದರೆ ಅಂದು ಅದೊಂದನ್ನೇ ಮೆರೆಸಿ, ಆಮೇಲೆ ಸಮಿತಿಯವರಿಗಾಗಿ ಇನ್ನೂ ನಲವತ್ತು ಶಾಲು ನೇಯುವ ಕೆಲಸ ಅವನದು. ಇಲ್ಲದಿದ್ದರೆ ಮಧುವನಹಳ್ಳಿ ರಸ್ತೆಯ ಕಲ್ಯಾಣಮಂಟಪದಲ್ಲಿ ವಾಚ್‌ಮನ್ ಕೆಲಸ. ಅಲ್ಲಿಯವರು ಸೋಮವಾರದ ತನಕ ಮಾತ್ರ ಕಾಯುತ್ತೇವೆ ಎಂದಿದ್ದರು. ಮನೆಯಲ್ಲಿದ್ದ ಎರಡು ಮಗ್ಗದಲ್ಲಿ ಒಂದು ಹೋದ ವರ್ಷವೇ ಸೌದೆಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಶಾಲನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಮಗುಚಿ ಚಾಪೆಯ ಮೇಲೆ ಹಾಸಿದ. ಸಮಿತಿ ಕೊಟ್ಟಿದ್ದ ಚಿತ್ರವನ್ನು ಕೋಮಲ ಪಕ್ಕದಲ್ಲಿಟ್ಟಳು.

"ಇದ್ಯಾಕ್ರಿ, ಆನೆ ಈ ಕಡೀಕೆ ತಿರಿಕಂಡದೆ?"

ಚಿತ್ರದಲ್ಲಿ ಆನೆಯ ಮುಖ ಬಲಕ್ಕೆ, ಶಾಲಿನಲ್ಲಿ ಎಡಕ್ಕೆ.

ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗಿರುತ್ತದೆ. ನೇಯುವವನಿಗೆ ಕಾಣುವುದು ಬೆನ್ನು. ಮುಖ ನೋಡಲು ಅಡಿಯಲ್ಲೊಂದು ಕನ್ನಡಿ ಇಟ್ಟುಕೊಳ್ಳುತ್ತಾರೆ. ಆ ಕನ್ನಡಿಯಲ್ಲಿ ಆನೆ ಚಿತ್ರದಲ್ಲಿದ್ದ ಹಾಗೆಯೇ ಬಲಕ್ಕೆ ನೋಡುತ್ತಿತ್ತು. ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ ಎಂಬುದು ಮಗುವಿಗೂ ಗೊತ್ತು. ಆದರೆ ಶಾಂತರಾಜು, ಅವನಪ್ಪ, ಅವನ ತಾತ ಮೈಸೂರಿನ ಗಿರಾಕಿಗಳಿಗಾಗಿ ಬದುಕಿಡೀ ನೇಯ್ದದ್ದು ಗಂಡಭೇರುಂಡವನ್ನು. ಎರಡು ತಲೆಯ ಹಕ್ಕಿಗೆ ಎಡವೇನು, ಬಲವೇನು? ಕನ್ನಡಿಯಲ್ಲಿ ಕಂಡರೂ ಅದೇ, ಮಗುಚಿದರೂ ಅದೇ. ಆ ಹಕ್ಕಿ ಒಂದು ಮನೆತನಕ್ಕೇ ದಿಕ್ಕು ಮರೆಸಿಬಿಟ್ಟಿತ್ತು.

"ಯಾರ್ ನೋಡಾರು ಬುಡಿ," ಅಂದಳು ಕೋಮಲ. "ಸೊಂಡ್ಲು ಅದೆ, ಬಾಲ ಅದೆ. ಇನ್ನೇನ್ ಬೇಕು ಆನೆಗೆ?"

"ಮೇಷ್ಟ್ರು ನೋಡ್ತಾರೆ ಕಣಮ್ಮಿ. ಆನೆ ಮೊಕದ ಮ್ಯಾಲೇ ಮೂರು ಪುಟ ಬರ್ದವ್ರೆ."

"ರಟ್ಟು ತಿರುವಾಕಿ ಕಟ್ಟುದ್ರೆ ಸರಿಯೋಗಲ್ವಾ?"

"ಓಯ್ತದೆ. ರೇಷ್ಮೆ ಎಲ್ಲಿಂದ ತರನ?"

ಕೋಮಲಳ ಕೈ ಬರಿಗಿವಿಯ ತನಕ ಹೋಗಿ ಸುಮ್ಮನೆ ಕೆಳಗಿಳಿಯಿತು.

ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಸಮಿತಿಗೆ ಹಿರಿತಲೆ. ಅವರ ತಾತ ಊರ ಕಚೇರಿಯಲ್ಲಿ ಜವಾನರಾಗಿದ್ದವರು. ತಾತನ ಟ್ರಂಕಿನಲ್ಲಿ ಸಿಕ್ಕ ಹಿತ್ತಾಳೆ ಬಿಲ್ಲೆಯ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಚಿತ್ರ ತೆಗೆದವರು ಅವರೇ. ಶಾಂತರಾಜು ಅವರ ಮನೆಗೆ ಹೋಗಿ ಶಾಲು ಬಿಚ್ಚಿದ ಕೂಡಲೇ ಹಣೆ ಚಚ್ಚಿಕೊಂಡರು.

"ಏನಯ್ಯಾ ಮಾಡ್ಬಿಟ್ಟೆ! ಐವತ್ತಾರರ ತನಕ ನಮ್ಮೂರು ಮದ್ರಾಸಿಗೆ ಸೇರಿತ್ತು. ಗಂಡಭೇರುಂಡ ಮೈಸೂರೋರದು, ನಮ್ಮದು ಆನೆ. ಕೆಳಗಿರೋ ಅಲೆ ಕಾವೇರಿ. ಮೇಲಿರೋದು ನಿಮ್ಮ ನೇಕಾರರ ಲಾಳಿ. ನಕ್ಷೆ ಥರ ನೋಡು, ಬಲ ಅಂದ್ರೆ ಪೂರ್ವ. ಆನೆ ಮಾದಪ್ಪನ ಬೆಟ್ಟ ನೋಡ್ತಾ ನಿಂತದೆ ಅಂತ ನಾನು ಬರೆದಿದ್ದೀನಿ. ನೀನು ಅದನ್ನ ಮೈಸೂರಿನ ಬಸ್ಸಿಗೆ ಕಾಯೋಕೆ ನಿಲ್ಲಿಸಿದ್ದೀಯಲ್ಲೋ!"

"ತಪ್ಪಾಯ್ತು ಸಾ. ರೇಷ್ಮೆಗೆ ಒಸಿ ಮುಂಗಡ ಕೊಡ್ಸಿ, ರಾತ್ರಿ ಅಗ್ಲು ಕೂತು ಇನ್ನೊಂದು ನೇಯ್ತೀನಿ."

"ನಾಡಿದ್ದೇ ಭಾನುವಾರ. ನೋಡು, ನೀನೇ ನೋಡು," ಎಂದು ಮೇಷ್ಟ್ರು ಬಿಲ್ಲೆ ತಂದು ಅವನ ಕೈಗಿಟ್ಟರು.

ಆನೆ ಬಲಕ್ಕೇ ನೋಡುತ್ತಿತ್ತು. ಶಾಂತರಾಜು ಅದರ ಮೇಲೆ ಬೆರಳಾಡಿಸಿದ. ನೂಲಿನ ಗಂಟು ಹುಡುಕಿ ಪಳಗಿದ ಬೆರಳು ಕಣ್ಣಿಗಿಂತ ಮೊದಲು ತಿಳಿಯಿತು. ಆನೆ ಉಬ್ಬಿರಲಿಲ್ಲ, ಒಳಕ್ಕೆ ಕೊರೆದಿತ್ತು.

"ಸಾ, ಇದು ಬಿಲ್ಲೆ ಅಲ್ಲ. ಮುದ್ರೆ. ಒತ್ತೋ ಮುದ್ರೆ."

ಅಡುಗೆಮನೆಯಲ್ಲಿ ಚಪಾತಿಗೆ ಕಲಸಿಟ್ಟ ಹಿಟ್ಟಿತ್ತು. ಒಂದು ಉಂಡೆ ತರಿಸಿ ಒತ್ತಿದ. ಹಿಟ್ಟಿನ ಮೇಲೆ ಆನೆ ಎದ್ದು ನಿಂತಿತು, ಎಡಕ್ಕೆ ಮುಖಮಾಡಿ, ಶಾಲಿನಲ್ಲಿದ್ದ ಹಾಗೆಯೇ. ಒತ್ತಿದಾಗ ನೆಟ್ಟಗೆ ಬೀಳಲೆಂದೇ ಮುದ್ರೆಯಲ್ಲಿ ಅದನ್ನು ತಿರುಗಿಸಿ ಕೊರೆದಿದ್ದರು. ಮೇಷ್ಟ್ರು ಪೆನ್ಸಿಲ್ ಉಜ್ಜಿ ತೆಗೆದದ್ದು ತಿರುಗಿದ ಆನೆಯನ್ನು.

"ಅಂಗಾದ್ರೆ ನನ್ ಶಾಲೇ ಸರಿ ಅಲ್ವಾ ಸಾ?" ಎದೆಯೊಳಗೆ ನಲವತ್ತು ಶಾಲೂ ಒಟ್ಟಿಗೆ ಬಿಚ್ಚಿಕೊಂಡವು.

ಮೇಷ್ಟ್ರು ಹೆಬ್ಬೆರಳಿಂದ ಆನೆಯನ್ನು ಒತ್ತಿ ಅಳಿಸಿದರು.

"ಇನ್ನೂರು ಫ್ಲೆಕ್ಸ್ ಕಟ್ಟಾಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಕಮಾನು ನಿಂತಿದೆ. ಪುಸ್ತಕ ಅಚ್ಚಾಗಿ ಬಂದಿದೆ. ಎಲ್ಲಾ ಕಡೆ ಆನೆ ಬಲಕ್ಕೇ. ಈಗ ಹೋಗಿ ಊರಿಗೆ ಏನು ಹೇಳ್ಲಿ, ಮೇಷ್ಟ್ರಿಗೆ ಮುದ್ರೆಗೂ ಬಿಲ್ಲೆಗೂ ವ್ಯತ್ಯಾಸ ಗೊತ್ತಿರಲಿಲ್ಲ ಅಂತಲಾ?"

"ಬ್ಯಾಡ ಸಾ, ಯೋಳ್ಬ್ಯಾಡಿ. ನಾನೂ ಬಾಯಿ ಬುಡಲ್ಲ." ಶಾಂತರಾಜು ಅವರ ಕಾಲ ಹತ್ತಿರ ಕುಕ್ಕರಿಸಿದ. "ನೀವ್ ಅಂದ ಕಡೀಕೇ ತಿರುಗುಸ್ತೀನಿ. ತಪ್ಪಾಗೇ ನೇಯ್ತೀನಿ. ಕೆಲ್ಸ ಒಂದು ಕೊಡ್ಸಿ ಸಾ, ಮಗ್ಗ ನಿಂತೋಯ್ತದೆ."

"ಸಂಜೆ ಸಮಿತಿ ಕೂರುತ್ತೆ. ತೋರ್ಸೋಕೆ ಮಾದರಿ ಇಲ್ಲ ಅಂದ್ರೆ ಅವರು ಪ್ರಿಂಟ್ ಶಾಲು ತರಿಸ್ತಾರೆ. ಅರ್ಧ ಜನ ಮೊದಲೇ ಅದಕ್ಕೇ ತಯಾರಾಗಿದ್ರು." ಮೇಷ್ಟ್ರು ಒಳಗೆ ಹೋಗಿ ಪಿಂಚಣಿ ದುಡ್ಡು ತಂದರು. ಮುಖ ಎತ್ತಲಿಲ್ಲ. "ನಿನಗೆ ಎಷ್ಟು ಬಿತ್ತು?"

"ಏಳು ಸಾವ್ರದಿನ್ನೂರು."

ಎಣಿಸಿ ಕೊಟ್ಟರು. ಶಾಲನ್ನು ಮಡಚಿ, ಮುದ್ರೆಯನ್ನು ಅದರೊಳಗೆ ಸುತ್ತಿ, ತಾತನ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ದುಡ್ಡನ್ನು ಅವರ ಮುಖದ ಮೇಲೆ ಎಸೆದು ಬರಬೇಕೆಂದು ಶಾಂತರಾಜುವಿಗೆ ಒಮ್ಮೆ ಅನ್ನಿಸಿತು. ಆದರೆ ರೋಷವನ್ನು ಹೆಂಡತಿಯ ಕಿವಿಗೆ ತೊಡಿಸಲಾಗುವುದಿಲ್ಲ. ಜೇಬಿಗಿಟ್ಟುಕೊಂಡ.

ಭಾನುವಾರ ನಲವತ್ತು ಜನ ಪ್ರಿಂಟ್ ಶಾಲು ಹೊದ್ದರು. ಸೋಮವಾರ ಶಾಂತರಾಜು ಖಾಕಿ ತೊಟ್ಟು ಕಲ್ಯಾಣಮಂಟಪದ ಗೇಟಿನಲ್ಲಿ ನಿಂತ. ಎದುರಿನ ಕಂಬದ ಫ್ಲೆಕ್ಸಿನಲ್ಲಿ ಆನೆ ಬಲಕ್ಕೆ ನೋಡುತ್ತಿತ್ತು. ಗುಂಡಿಗೆ ಮಣ್ಣು ತುಂಬಿಸಿ, ಮಗ್ಗದ ಮರವನ್ನು ಆ ವಾರವೇ ಸೌದೆಗೆ ಕೊಟ್ಟರು.

ಕೋಮಲಳ ಕಿವಿಗೆ ಓಲೆ ಬಂತು. ಹನ್ನೊಂದು ದಿನದ ಕೂಲಿ ಹೋಯಿತು, ಮಗ್ಗ ಹೋಯಿತು.